ರಾಜಗಡಕ್ಕೆ ಪಾಲಿ ದಾರಿಯಿಂದ: ಕೃತಕ ಕಾಲಿನ ಲೆಕ್ಕಾಚಾರ

ಕಳೆದ ಡಿಸೆಂಬರಿನ ಒಂದು ಭಾನುವಾರ, ಗುಂಜವಣೆ ಊರಿನಿಂದ ಚೋರ ದರವಾಜೆಯ ಕಡಿದಾದ ದಾರಿ ಹಿಡಿದು ಬಂದ ನಮ್ಮ ಗುಂಪಿನ 14–15 ಜನ ಪುಣೆ ಬಳಿಯ ರಾಜಗಡ ಕೋಟೆಯ ಪದ್ಮಾವತಿ ಮಾಚಿಯನ್ನು (ಕೋಟೆಯ ಭುಜದಂತೆ ಚಾಚಿದ ಬಯಲು) ತಲುಪಿದಾಗ, ನಾನು ಅಲ್ಲಿನ ಕೆರೆಯ ದಂಡೆಯಲ್ಲಿ ಕೃತಕ ಕಾಲು ಕಳಚಿಟ್ಟು, ಅದರೊಳಗೆ ತೊಡುವ ಮೆತ್ತನೆಯ ಲೈನರನ್ನು ಗಾಳಿಗೆ ಹರವಿ, ಫ್ಲಾಸ್ಕಿನ ಎರಡನೆಯ ಲೋಟ ಚಹಾ ಕುಡಿಯುತ್ತಿದ್ದೆ. ಅವರಿಗಿಂತ ಇಪ್ಪತ್ತು ನಿಮಿಷ ಮೊದಲೇ ಬಂದಿದ್ದೆ. ನಾನು ಎರಡು ತಾಸು ಮುಂಚೆ ಹೊರಟಿದ್ದೆ ಎಂಬುದೂ, ಬೇರೆ ದಾರಿಯಿಂದ ಹತ್ತಿದೆ ಎಂಬುದೂ ನಿಜ. ಆದರೂ ಆ ಇಪ್ಪತ್ತು ನಿಮಿಷವನ್ನು ನಾನು ಯಾರಿಗೂ ಬಿಟ್ಟುಕೊಡಲಾರೆ.

ನನ್ನ ಬಲಗಾಲು ಮೊಣಕಾಲಿನ ಕೆಳಗೆ 2015ರಿಂದ ಇಲ್ಲ. ಪುಣೆ ಪಕ್ಕದ ಚಿಂಚವಾಡದಲ್ಲಿ ಕೆಲಸ, ಧಾರವಾಡ, ವಿಜಯಪುರ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕನ್ನಡ ಗೆಳೆಯರ ಒಂದು ಗುಂಪಿದೆ, ವರ್ಷಕ್ಕೆ ಎರಡು ಸಲ ಎಲ್ಲಿಗಾದರೂ ಹೋಗುತ್ತದೆ. ಮೊದಲ ವರ್ಷಗಳಲ್ಲಿ ನಾನು ವಾಹನದಲ್ಲಿ ಕುಳಿತು ಚೀಲ ಕಾಯುವವನಾಗಿದ್ದೆ. ಚಾರಣ ನಡೆಸುವ ಒಬ್ಬರು ಮುಂಗಡ ಹಣವನ್ನು ಮರಳಿಸುತ್ತ, ನನಗೆ ಏನಾದರೂ ಆದರೆ ಹೊಣೆ ಯಾರದು ಎಂದು ಕೇಳಿದ್ದರು. ಕಾಲು ಮಾಡಿಕೊಟ್ಟ ತಂತ್ರಜ್ಞರಂತೂ, ಈ ಸಾಕೆಟ್ (ಉಳಿದ ಕಾಲನ್ನು ಒಳಗಿಟ್ಟು ತೊಡುವ ಬಟ್ಟಲು) ಕಚೇರಿಗೆ ಹೋಗಿಬರುವವರಿಗೆ, ಕೋಟೆ ಹತ್ತುವವರಿಗಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದರು. ಅವರು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ.

ಮೊದಲ ಸೋಲು ಸಿಂಹಗಡದಲ್ಲಿ. ಆಗಸ್ಟಿನ ಮಳೆಯಲ್ಲಿ ಆತಕರವಾಡಿಯ ಕಾಲುದಾರಿಯಿಂದ ಗುಂಪಿನ ನಡುವೆಯೇ ಹತ್ತತೊಡಗಿದೆ. ಅರ್ಧ ದಾರಿಯ ತನಕ ಎಲ್ಲರೂ ಬೆನ್ನು ತಟ್ಟಿದರು, ನಾನೂ ಉಬ್ಬಿದೆ. ಅಷ್ಟರಲ್ಲಿ ಲೈನರಿನೊಳಗೆ ಬೆವರು ತುಂಬಿ, ಕೆಸರಿನಲ್ಲಿ ಹೂತ ಪಾದವನ್ನು ಎಳೆದಾಗ ಕಾಲು ಲೈನರಿನ ಸಮೇತ ಅಲ್ಲಿಯೇ ಉಳಿಯಿತು. ಇಬ್ಬರು ಹೆಗಲು ಕೊಟ್ಟು ಇಳಿಸಿದರು. ಗಡದ ಮೇಲಿನ ಪಿಠಲೆ ಭಾಕರಿಯನ್ನು ನನಗಾಗಿ ಕಾಗದದಲ್ಲಿ ಕಟ್ಟಿಸಿಕೊಂಡು ಬಂದಿದ್ದರು. ಅದನ್ನು ತಿನ್ನುವಾಗ ಆದ ಅವಮಾನ ಸ್ಟಂಪಿನ, ಅಂದರೆ ಉಳಿದ ಮೊಂಡುಗಾಲಿನ, ಮೇಲೆದ್ದ ಬೊಬ್ಬೆಗಿಂತ ಹೆಚ್ಚು ಉರಿಯಿತು. ಹದಿನೈದು ದಿನ ಕಾಲು ತೊಡಲಾಗಲಿಲ್ಲ, ಅಷ್ಟೂ ದಿನ ರಜೆ, ಅದರಲ್ಲಿ ಎಂಟು ದಿನ ಸಂಬಳವಿಲ್ಲದ ರಜೆ.

ಎರಡನೆಯದು ಗೋವಾದ ದೂಧಸಾಗರ ಜಲಪಾತ. ಗೋವಾ ಎಕ್ಸ್‌ಪ್ರೆಸ್‌ನಲ್ಲಿ ಬೆಳಗಾವಿ, ಲೋಂಡಾ ದಾಟಿ ಹೋದೆವು. ರೈಲಿನ ರಿಯಾಯಿತಿಗಾಗಿ ನಮ್ಮಂಥವರು ಕೊಡುವ ಪ್ರಮಾಣಪತ್ರದಲ್ಲಿ ‘ಬೆಂಗಾವಲಿಲ್ಲದೆ ಪ್ರಯಾಣಿಸಲಾರದವರು’ ಎಂಬ ಅರ್ಥದ ಒಕ್ಕಣೆ ಇರುತ್ತದೆ. ತ್ರೀ ಟಯರ್ ಎಸಿಯಲ್ಲಿ ಮುಕ್ಕಾಲು ಪಾಲು ದರ ಉಳಿಯುವುದರಿಂದ, ಜಲಪಾತ ಹತ್ತಲು ಹೊರಟವನು ಆ ಒಕ್ಕಣೆಗೆ ತಲೆಬಾಗಿದೆ. ಕುಳೆ ನಿಲ್ದಾಣದಿಂದ ಜೀಪಿನಲ್ಲಿ ಹೊಳೆಯ ಹರಿವುಗಳನ್ನು ದಾಟುತ್ತ ಹೋಗುವುದು ನನಗೆ ಹೇಳಿ ಮಾಡಿಸಿದಂತಿತ್ತು. ಜೀಪು ನಿಂತ ಮೇಲಿನ ಪಾಚಿಗಲ್ಲುಗಳ ದಾರಿ ಚಿಕ್ಕದು, ಅದನ್ನೂ ಕೂತು, ಸರಿದು ದಾಟಿದೆ. ತಪ್ಪು ಮಾಡಿದ್ದು ಸಂಜೆ, ಬಾಣಾವಲಿಯ ಕಡಲದಂಡೆಯಲ್ಲಿ. ಒದ್ದೆ ಲೈನರಿನೊಳಗೆ ಸೇರಿದ ಮರಳು ಉಪ್ಪುಕಾಗದದಂತೆ ಚರ್ಮವನ್ನು ತೀಡಿತು, ಉಪ್ಪುನೀರು ಪಾದದ ಬೋಲ್ಟಿಗೆ ತುಕ್ಕು ಹಿಡಿಸಿತು. ಹೊಸ ಲೈನರಿಗೆ 20 ಸಾವಿರದ ಮೇಲೆ ಬಿತ್ತು, ಪಾದದ ದುರಸ್ತಿಗೆ ಏಳೆಂಟು ಸಾವಿರ. ಇಡೀ ಪ್ರವಾಸಕ್ಕೆ ತಲೆಗೆ ಬಂದ ಖರ್ಚು ಒಂಬತ್ತು ಸಾವಿರವೂ ಇರಲಿಲ್ಲ ಎಂಬುದನ್ನು ನನ್ನ ಹೆಂಡತಿ ಇಂದಿಗೂ ನೆನಪಿಸುತ್ತಾಳೆ.

ಎರಡೂ ಸೋಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಹೊಳೆದದ್ದು ಇಷ್ಟು: ಗುಂಪಿನ ನಡುವೆ ನಡೆಯುವಾಗ ನಾನು ನೋವು ತಡೆಯಲಾಗದಾಗ ಮಾತ್ರ ನಿಲ್ಲುತ್ತಿದ್ದೆ, ಏಕೆಂದರೆ ಹದಿನೈದು ಜನರನ್ನು ನಿಲ್ಲಿಸಲು ನಾಚಿಕೆ. ಅಷ್ಟು ಹೊತ್ತಿಗೆ ಚರ್ಮ ಹೋಗಿರುತ್ತಿತ್ತು. ಆದ್ದರಿಂದ ರಾಜಗಡಕ್ಕೆ ಗಡಿಯಾರದ ಲೆಕ್ಕ ಇಟ್ಟುಕೊಂಡೆ. ನೋವಿರಲಿ, ಇಲ್ಲದಿರಲಿ, ನಲವತ್ತು ನಿಮಿಷಕ್ಕೊಮ್ಮೆ ಕುಳಿತು ಕಾಲು ಕಳಚುವುದು, ಲೈನರ್ ಒರೆಸುವುದು, ಸ್ಟಂಪನ್ನು ಐದು ನಿಮಿಷ ಗಾಳಿಗೆ ಬಿಡುವುದು, ಮತ್ತೆ ತೊಡುವಾಗ ಲೈನರಿನ ತುದಿಯ ಪಿನ್ ಸಾಕೆಟಿನ ಬೀಗದಲ್ಲಿ ಕೂರುವ ಟಕ್ ಟಕ್ ಸದ್ದನ್ನು ಎಣಿಸುವುದು. ಮನೆಯಲ್ಲಿ ಬೆಳಿಗ್ಗೆ ಆರು ಟಕ್ ಬರುತ್ತದೆ. ಎಂಟು ಬಂತೆಂದರೆ ಸ್ಟಂಪ್ ಕುಗ್ಗಿ ಸಾಕೆಟಿನಲ್ಲಿ ಕೆಳಗಿಳಿದಿದೆ ಎಂದರ್ಥ, ಆಗ ಇನ್ನೊಂದು ಸಾಕ್ಸ್ ಏರಿಸಬೇಕು. ಕೃತಕ ಕಾಲು ತೊಡುವವರಿಗೆಲ್ಲ ಇದು ಗೊತ್ತಿರುವುದೇ, ಆದರೆ ಹತ್ತುವಾಗ ಎಣಿಸುವವರು ಎಷ್ಟು ಜನ?

ಇದಕ್ಕಾಗಿಯೇ ಗುಂಪನ್ನು ಗುಂಜವಣೆಗೆ ಕಳಿಸಿ, ನಾನು ಹೆಂಡತಿಯ ತಮ್ಮನೊಂದಿಗೆ ಪಾಲಿ ದರವಾಜೆಯ ದಾರಿ ಹಿಡಿದೆ. ಆ ದಾರಿಯಲ್ಲಿ ಮೆಟ್ಟಿಲುಗಳಿವೆ, ಎತ್ತರವಾದವು ಆದರೂ ಗಟ್ಟಿಯಾದವು; ಕೃತಕ ಪಾದಕ್ಕೆ ಸಡಿಲ ಮಣ್ಣಿಗಿಂತ ಎತ್ತರದ ಕಲ್ಲು ಎಷ್ಟೋ ವಾಸಿ. ಬೇರೆ ಗಾಡಿಗೆ 2,800 ರೂಪಾಯಿ ಆಯಿತು. ನಸುಕಿನ ನಾಲ್ಕೂವರೆಗೆ ಹಣೆಗೆ ದೀಪ ಕಟ್ಟಿಕೊಂಡು ಹೊರಟೆವು. ಎರಡನೆಯ ನಿಲುಗಡೆಯಲ್ಲಿ ಅವನು, “ಭಾವಾ, ಚಲೋ ನಡದೀರಿ, ಈಗ್ಯಾಕ ಕೂಡ್ತೀರಿ?” ಎಂದು ಗೊಣಗಿದ. ಕೂತೆ. ಮೂರನೆಯದರಲ್ಲಿ ಟಕ್ ಎಂಟಾಗಿತ್ತು, ಸಾಕ್ಸ್ ಏರಿಸಿದೆ. ಅವನು ಆಮೇಲೆ ಗೊಣಗಲಿಲ್ಲ. ಒಟ್ಟು ನಾಲ್ಕೂವರೆ ತಾಸು ಹಿಡಿಯಿತು. ಬೇರೆಯವರು ಇದರ ಅರ್ಧದಲ್ಲಿ ಹತ್ತುತ್ತಾರೆ, ಹತ್ತಲಿ.

ಬೆವರಿಗೆ ಮಾಡಿದ ಪ್ರಯೋಗಗಳನ್ನೂ ಹೇಳಬೇಕು. ಟಾಲ್ಕಂ ಪೌಡರ್ ಬೆವರಿನೊಡನೆ ಸೇರಿ ಹಿಟ್ಟಿನ ಉಂಡೆಯಾಯಿತು. ಊರಿನ ಹಿರಿಯರು ಹೇಳಿದ ಕೊಬ್ಬರಿ ಎಣ್ಣೆ ಚರ್ಮವನ್ನು ಮೆತ್ತಗೆ ಮಾಡಿ ಬೊಬ್ಬೆಗೆ ದಾರಿ ತೆರೆಯಿತು. ಮಗುವಿನ ಡೈಪರ್ ಕತ್ತರಿಸಿ ಸಾಕೆಟಿನ ತಳಕ್ಕೆ ಹಾಕಿದ್ದು ಒಂದು ತಾಸು ಚೆನ್ನಾಗಿತ್ತು, ಆಮೇಲೆ ಊದಿಕೊಂಡು ಪಿನ್ನೇ ಕೂರಲಿಲ್ಲ. ಕೆಲಸ ಮಾಡಿದ್ದು ಬೆವರು ತಡೆಯುವ ರೋಲ್ ಆನ್, ಅದೂ ಬೆಳಿಗ್ಗೆ ಹಚ್ಚಿದರೆ ಅಲ್ಲ, ಎರಡು ರಾತ್ರಿ ಮೊದಲಿನಿಂದ ಮಲಗುವಾಗ ಹಚ್ಚಿದರೆ. ಶೂಸಿನ ಅಟ್ಟೆಗೆ ಹಳೆಯ ಸೈಕಲ್ ಟಯರು ಅಂಟಿಸಿದ್ದು ಒಣಗಲ್ಲಿನ ಮೇಲೆ ಅದ್ಭುತವಾಗಿ ಹಿಡಿಯಿತು, ಒದ್ದೆಯಲ್ಲಿ ಸಾಬೂನಿನಂತಾಯಿತು, ಕಿತ್ತೆಸೆದೆ.

ಮುಂಗಾಲು ಮೂಳೆಯ ತುದಿ ಸಾಕೆಟಿಗೆ ತಾಗುವ ಜಾಗಕ್ಕೆ ನಾನೇ ಹೊಲಿದ ಒಂದು ಮೆತ್ತೆ ಇದೆ. ಅದರ ಬಟ್ಟೆ ಯಾವುದು, ಮಡಿಕೆ ಎಷ್ಟು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ತಪ್ಪು ಜಾಗದಲ್ಲಿ ಇಟ್ಟರೆ ಹುಣ್ಣಾಗುತ್ತದೆ, ಅದು ಒಂದು ಕಾರಣ. ಅದು ನನ್ನ ಸ್ವಂತ ಸಂಪಾದನೆ ಎಂಬುದು ಇನ್ನೊಂದು. ಭೇಟಿಯಾದರೆ ತೋರಿಸುತ್ತೇನೆ.

ಕೋಟೆಯ ನೆತ್ತಿಯಲ್ಲಿರುವ ಬಾಲೇಕಿಲ್ಲಾಕ್ಕೂ ಹೋದೆ. ಅಲ್ಲಿನ ಕಡಿದಾದ ಬಂಡೆಯಲ್ಲಿ ಕಬ್ಬಿಣದ ಕಂಬಿಗಳಿರುವುದರಿಂದ ಹತ್ತುವ ಕೆಲಸ ಹೆಚ್ಚಾಗಿ ಕೈಗಳದು, ಒಂಬತ್ತು ವರ್ಷ ಊರುಗೋಲು ಹಿಡಿದ ಕೈಗಳಿಗೆ ಅದು ಕಷ್ಟವಲ್ಲ. ಇಳಿಯುವಾಗ ಬಂಡೆಗೆ ಮುಖ ಮಾಡಿ, ಏಣಿ ಇಳಿಯುವಂತೆ ಇಳಿದೆ. ಹಿಂದೆ ನಿಂತಿದ್ದ ಕಾಲೇಜು ಹುಡುಗರು ಸಾಲಿನಲ್ಲಿ ಹತ್ತು ನಿಮಿಷ ಕಾದರು, ಅವರಲ್ಲೊಬ್ಬ “ದಾದಾ, ಸಾವಕಾಶ” ಎನ್ನುತ್ತ ನನ್ನ ಕೋಲುಗಳನ್ನು ಹಿಡಿದುಕೊಂಡ.

ನಿಜವಾದ ಪರೀಕ್ಷೆ ಪಾಲಿಗೆ ಇಳಿಯುವುದಾಗಿತ್ತು. ಈ ಸಲ ಗುಂಪು ನನ್ನೊಡನೆ ಬಂತು. ಕೋಲುಗಳನ್ನು ಸುಮಾರು ಹತ್ತು ಸೆಂಟಿಮೀಟರ್ ಉದ್ದ ಮಾಡಿ, ಪ್ರತಿ ಮೆಟ್ಟಿಲಿಗೂ ಕೃತಕ ಕಾಲನ್ನೇ ಮೊದಲು ಇಳಿಸಿದೆ, ಎಲ್ಲ ಭಾರ ಎಡ ಮೊಣಕಾಲಿಗೆ ಬಿತ್ತು. ಗಡಿಯಾರ ಹೇಳಿದಲ್ಲೆಲ್ಲ ಕೂತೆ, ಹದಿನೈದು ಜನವೂ ಕೂತರು, ಯಾರೋ ಚುರುಮುರಿ ಕಲಸಿದರು. ಐದು ತಾಸು ಆಯಿತು. ಕೆಳಗೆ ಬಂದು ಲೈನರ್ ತೆಗೆದಾಗ ಸ್ಟಂಪಿನ ಮೇಲೆ ರೂಪಾಯಿ ನಾಣ್ಯದಷ್ಟು ಕೆಂಪು ಇತ್ತು, ಬೊಬ್ಬೆ ಇರಲಿಲ್ಲ. ನೋವು ಬಂದದ್ದು ಒಳ್ಳೆಯ ಮೊಣಕಾಲಿಗೆ, ನಾಲ್ಕು ದಿನ. ಸೋಮವಾರ ಕಚೇರಿಗೆ ಹೋದೆ, ಬುಧವಾರ ಕಾಲಿನ ತಂತ್ರಜ್ಞರ ಬಳಿ ಹೋಗಿ ಸ್ಟಂಪ್ ತೋರಿಸಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಆ ಮೆತ್ತೆಯನ್ನು ಎಲ್ಲಿ ಕೊಂಡೆ ಎಂದು ಕೇಳಿದರು.