ಪಿಕಪ್ ಟ್ಯಾಂಕಿಗೆ ತಳದಿಂದ ಕಾವಲು: ನನ್ನ ಅನುಭವ

ಡೀಸೆಲ್ ಕಳ್ಳತನ ಅಂದ ಕೂಡಲೇ ಎಲ್ಲರೂ ಹೇಳುವುದು ಒಂದೇ ಮಾತು: ಬೀಗದ ಮುಚ್ಚಳ ಹಾಕಿಸು. ನಾನು ಹೇಳುವುದು ಬೇರೆ. ಟ್ಯಾಂಕಿನ ಕಾವಲು ತಳದಿಂದ ಶುರುವಾಗಬೇಕು, ಆಮೇಲೆ ಪೈಪು, ಎಲ್ಲಕ್ಕಿಂತ ಕೊನೆಗೆ ಮುಚ್ಚಳ. ಈ ಕ್ರಮ ಹಿಂದುಮುಂದಾದರೆ ನಷ್ಟ ಇಳಿಯುವುದಿಲ್ಲ, ಏರುತ್ತದೆ. ತಳಕ್ಕೆ ಉಕ್ಕಿನ ತಟ್ಟೆ ಕಟ್ಟುತ್ತೇನೆ ಅಂದಾಗ ನನ್ನ ಮೆಕ್ಯಾನಿಕ್ ಬೇಡವೇ ಬೇಡ ಅಂದ. ಕೆಸರು ತುಂಬಿ ಕೊಳೆಯುತ್ತದೆ, ಸೈಲೆನ್ಸರ್ ಶಾಖ ಅಲ್ಲೇ ನಿಲ್ಲುತ್ತದೆ, ಸರ್ವಿಸ್‌ಗೆ ಬಂದಾಗ ನಾನಂತೂ ಬಿಚ್ಚುವುದಿಲ್ಲ ಅಂತ ಮೂರು ಕಾರಣ ಕೊಟ್ಟ. ಜೊತೆಯಲ್ಲಿ ಗಾಡಿ ಓಡಿಸುವವರು, ಅಷ್ಟು ಭಾರ ಹೊತ್ತು ತಿರುಗುವ ಬದಲು ತಿಂಗಳಿಗೆ ಹತ್ತು ಲೀಟರ್ ಹೋದರೆ ಹೋಗಲಿ ಬಿಡು ಅಂದರು. ತಟ್ಟೆ ಕಟ್ಟಿ ಎರಡು ವರ್ಷದ ಮೇಲಾಯಿತು. ಒಂದು ಹನಿ ಹೋಗಿಲ್ಲ. ತಟ್ಟೆಯ ಹೊರಮೈ ಮೇಲೆ ಡ್ರಿಲ್ ಗೀಚಿದ ಗುರುತು ಮಾತ್ರ ಇದೆ. ಬಂದವರು ಒಂದಿಷ್ಟು ಕೊರೆದು, ಬಿಟ್ಟು ಹೋಗಿದ್ದಾರೆ.

ದುಡ್ಡಿನ ಲೆಕ್ಕವನ್ನು ಫುಲ್ ಟ್ಯಾಂಕಿನಲ್ಲೇ ಹೇಳುತ್ತೇನೆ. ದರ ಊರಿಗೊಂದು, ದಿನಕ್ಕೊಂದು. ನನ್ನ ಟ್ಯಾಂಕು ಸುಮಾರು 60 ಲೀಟರಿನದು, ಪ್ಲಾಸ್ಟಿಕ್.

ಮೊದಲು ಕೊಂಡ ಬೀಗದ ಮುಚ್ಚಳ ಕಾಲು ಟ್ಯಾಂಕಿನ ಬೆಲೆಯದು. ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಿದರೆ ಒಳಗಿನ ಬೀಗದ ಗುಂಡಿ ಪುಡಿಯಾಗುತ್ತದೆ, ಹಾಗೇ ಆಯಿತು. ಎರಡನೆಯದು ಗಟ್ಟಿಯಾಗಿತ್ತು, ಆದರೆ ಗಾಳಿ ಒಳಗೆ ಬಿಡುವ ರಂಧ್ರವೇ ಇರಲಿಲ್ಲ. ನನ್ನ ಗಾಡಿಯಲ್ಲಿ ಆ ಗಾಳಿ ಮುಚ್ಚಳದಿಂದಲೇ ಬರಬೇಕು. ದೂರದ ಓಟದಲ್ಲಿ ಡೀಸೆಲ್ ಖಾಲಿಯಾದಷ್ಟೂ ಟ್ಯಾಂಕಿನಲ್ಲಿ ನಿರ್ವಾತ ಹೆಚ್ಚಿ, ಏರಿನಲ್ಲಿ ಎಂಜಿನ್ ಎಳೆಯುವುದನ್ನೇ ಬಿಟ್ಟಿತು. ಮುಚ್ಚಳ ತೆಗೆದರೆ ಬುಸ್ ಅಂತ ಗಾಳಿ ಒಳಗೆ ನುಗ್ಗಿತು. ಗೆಳೆಯನೊಬ್ಬನ ಪೆಟ್ರೋಲ್ ಪಿಕಪ್‌ನಲ್ಲಿ ಬೇರೆಯೇ ಗೋಳು: ಹೊರಗೆ ಕೊಂಡು ಹಾಕಿದ ಮುಚ್ಚಳ ಸರಿಯಾಗಿ ಕೂರದೆ ಎಂಜಿನ್ ಲೈಟ್ ಹತ್ತಿಕೊಂಡಿತು, ಸ್ಕ್ಯಾನರ್‌ನಲ್ಲಿ ಪಿ0457 ಅನ್ನುವ ದೋಷದ ಕೋಡ್. ಮುಚ್ಚಳ ಸಡಿಲ ಅಂತ ಅದರ ಅರ್ಥ. ಮೂರನೆಯ ಮುಚ್ಚಳ ನಿಜಕ್ಕೂ ಒಳ್ಳೆಯದು. ಅದನ್ನು ಒಡೆಯಲು ಆಗದೆ ಕಳ್ಳ ಗಾಡಿಯ ಕೆಳಗೆ ನುಸುಳಿ ಟ್ಯಾಂಕಿಗೇ ತೂತು ಕೊರೆದ.

ಇಲ್ಲೇ ನನ್ನ ಲೆಕ್ಕ ಬದಲಾಯಿತು. ಮುಚ್ಚಳದಿಂದ ಪೈಪ್ ಹಾಕಿ ಎಳೆಯುತ್ತಿದ್ದಾಗ ಹೋಗುತ್ತಿದ್ದದ್ದು ಹದಿನೈದೋ ಇಪ್ಪತ್ತೋ ಲೀಟರ್. ತೂತು ಬಿದ್ದ ದಿನ ಅವನ ಕ್ಯಾನಿಗೆ ಹೋದದ್ದು ಅಷ್ಟೇ ಇರಬೇಕು, ಉಳಿದದ್ದು ನೆಲದ ಪಾಲು. ಜೊತೆಗೆ ಹೊಸ ಟ್ಯಾಂಕ್, ಇಳಿಸಿ ಏರಿಸುವ ಕೂಲಿ, ಗಾಡಿ ನಿಂತ ದಿನಗಳ ಬಾಡಿಗೆ. ಎಲ್ಲ ಸೇರಿ ಆರೇಳು ಫುಲ್ ಟ್ಯಾಂಕಿನ ದುಡ್ಡು. ಪ್ಲಾಸ್ಟಿಕ್ ಟ್ಯಾಂಕಿನ ಗೋಡೆ ಹೆಚ್ಚೆಂದರೆ ಅರ್ಧ ಸೆಂಟಿಮೀಟರ್ ಆಸುಪಾಸು, ಬ್ಯಾಟರಿ ಡ್ರಿಲ್ಲಿಗೆ ಅದು ಕೆಲವೇ ಸೆಕೆಂಡಿನ ಕೆಲಸ. ಮೇಲೆ ಗಟ್ಟಿ ಬೀಗ, ಕೆಳಗೆ ಬರಿಮೈ ಟ್ಯಾಂಕ್ ಇಟ್ಟರೆ ನಮಗೆ ದುಬಾರಿಯಾದ ದಾರಿಯನ್ನು ಕಳ್ಳನಿಗೆ ನಾವೇ ತೋರಿಸಿದ ಹಾಗೆ.

ಕುತ್ತಿಗೆಯೊಳಗೆ ಕೂರಿಸುವ ಜಾಲರಿ ಕೊಳವೆಯನ್ನೂ ನೋಡಿದೆ. ಪೈಪ್ ಇಳಿಯದಂತೆ ತಡೆಯುತ್ತದೆ, ಅದು ನಿಜ. ಆದರೆ ಡೀಸೆಲ್ ಎದುರು ಚಿಮ್ಮಿ ಬಂಕಿನ ನಾಜಲ್ ಪದೇ ಪದೇ ಕಟ್ ಆಗುತ್ತದೆ. ತುಂಬಿಸಲು ಮೂರು ಪಟ್ಟು ಹೊತ್ತು ಹಿಡಿಯುತ್ತದೆ, ಹಿಂದೆ ನಿಂತವರು ಹಾರ್ನ್ ಹೊಡೆಯುತ್ತಾರೆ. ಕೊಳವೆಯ ತಳದಲ್ಲಿ ಸಣ್ಣ ಬದಲಾವಣೆ ಮಾಡಿಕೊಂಡ ಮೇಲೆ ನನ್ನದರಲ್ಲಿ ಕಟ್ ಆಗುವುದು ನಿಂತಿದೆ. ಏನು ಬದಲಾವಣೆ ಅನ್ನುವುದು ನನ್ನಲ್ಲೇ ಇರಲಿ. ಅಳೆದು ನೋಡುವ ಕೈ ಇದ್ದವರಿಗೆ ಅದು ತಾನೇ ಹೊಳೆಯುತ್ತದೆ.

ಅಲಾರಂ ಕಥೆ ಇನ್ನೂ ದುಬಾರಿ. ಅಲುಗಾಟ ಗುರುತಿಸುವ ಸೆನ್ಸರ್ ಹಾಕಿದರೆ ಪಕ್ಕದಲ್ಲಿ ಲಾರಿ ಹೋದರೂ ಕೂಗು, ಜೋರು ಮಳೆಗೂ ಕೂಗು. ಸೂಕ್ಷ್ಮತೆ ಇಳಿಸಿದರೆ ಟೈರಿಗೆ ಒದ್ದರೂ ಮೌನ. ಡೀಸೆಲ್ ಮಟ್ಟ ಇಳಿದರೆ ಮೊಬೈಲಿಗೆ ಸಂದೇಶ ಕಳಿಸುವ ಟ್ರ್ಯಾಕರ್‌ಗೆ ಒಂದೂವರೆ ಫುಲ್ ಟ್ಯಾಂಕ್ ಹೋಯಿತು. ಇಳಿಜಾರಿನಲ್ಲಿ ನಿಲ್ಲಿಸಿದರೆ ಅದು ತಪ್ಪು ಮಟ್ಟ ತೋರಿಸುತ್ತದೆ. ಕುಲುಕಾಟಕ್ಕೆ ಮೋಸಹೋಗದಿರಲೆಂದು ಲೆಕ್ಕವನ್ನು ನಿಧಾನ ಮಾಡಿರುವುದರಿಂದ ಸಂದೇಶ ಬರುವ ಹೊತ್ತಿಗೆ ಹತ್ತು ಲೀಟರ್ ಹೋಗಿರುತ್ತದೆ. ಗಾಡಿ ಎಲ್ಲಿದೆ ಅಂತ ನೋಡಲು ಅದನ್ನು ಈಗಲೂ ಇಟ್ಟುಕೊಂಡಿದ್ದೇನೆ, ಡೀಸೆಲ್ ಕಾಯಲು ಅಲ್ಲ.

ಈಗ ತಟ್ಟೆಗೆ ಬರೋಣ. ಮೊದಲು ದಪ್ಪ ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಂಡೆ. ಟ್ಯಾಂಕು ಫುಲ್ ಇದ್ದಾಗಲೇ ಅಳತೆ ತೆಗೆಯಬೇಕು. 60 ಲೀಟರ್ ಡೀಸೆಲ್ ಅಂದರೆ ಸುಮಾರು 50 ಕೆಜಿ, ಪ್ಲಾಸ್ಟಿಕ್ ತಳ ಆ ಭಾರಕ್ಕೆ ಕೆಲವು ಎಂಎಂ ಜೋಲುತ್ತದೆ. ಖಾಲಿ ಟ್ಯಾಂಕಿಗೆ ಅಳೆದು ಮಾಡಿದರೆ ಫುಲ್ ಆದಾಗ ತಟ್ಟೆಗೂ ಟ್ಯಾಂಕಿಗೂ ನಡುವಿನ ಸಂದಿ ಅಷ್ಟು ಕಡಿಮೆಯಾಗುತ್ತದೆ. 3 ಎಂಎಂ ಮೈಲ್ಡ್ ಸ್ಟೀಲ್ ಶೀಟ್, ಸುಮಾರು 90ಕ್ಕೆ 50 ಸೆಂಟಿಮೀಟರ್, ನಾಲ್ಕೂ ಅಂಚು ಮೇಲಕ್ಕೆ ಐದು ಸೆಂಟಿಮೀಟರ್ ಮಡಿಕೆ. ತೂಕ 13-14 ಕೆಜಿ. 4 ಎಂಎಂ ಅಲ್ಯೂಮಿನಿಯಂ ಹಾಕಿದ್ದರೆ ತೂಕ ಅರ್ಧಕ್ಕಿಂತ ಕಡಿಮೆ. ಆದರೆ ಡ್ರಿಲ್ ಅದರಲ್ಲಿ ಸಲೀಸಾಗಿ ಇಳಿಯುತ್ತದೆ, ದರವೂ ಹೆಚ್ಚು, ಉಕ್ಕಿನ ಬೋಲ್ಟ್ ತಾಗಿದಲ್ಲಿ ತಿನ್ನಿಸಿಕೊಳ್ಳುತ್ತದೆ. 14 ಕೆಜಿ ಅಂದರೆ ಹಿಂದೆ ಒಂದು ಪೆಟ್ಟಿಗೆ ಹೆಚ್ಚು ಹಾಕಿದಷ್ಟು. ಮೈಲೇಜಿನಲ್ಲಿ ನನಗೆ ಯಾವ ವ್ಯತ್ಯಾಸವೂ ಕಂಡಿಲ್ಲ.

3 ಎಂಎಂ ಉಕ್ಕನ್ನೂ ಕೊರೆಯಬಹುದಲ್ಲ ಅಂತ ಎಲ್ಲರೂ ಕೇಳಿದರು. ಕೊರೆಯಬಹುದು. ನನ್ನ ನಂಬಿಕೆ ತಟ್ಟೆಗಿಂತ ಹೆಚ್ಚಾಗಿ ತಟ್ಟೆಗೂ ಟ್ಯಾಂಕಿಗೂ ನಡುವಿನ ಸಂದಿಯ ಮೇಲೆ. ಅಲ್ಲಿ ಸುಮಾರು 30 ಎಂಎಂ ಜಾಗ ಬಿಟ್ಟಿದ್ದೇನೆ. ಮಲಗಿಕೊಂಡು, ಕೈ ಮೇಲೆತ್ತಿ ಒತ್ತಿ, ಸದ್ದು ಮಾಡಿ ಉಕ್ಕು ಕೊರೆದು, ಆಮೇಲೆ ಟ್ಯಾಂಕಿಗೂ ತೂತು ಹಾಕಿದ ಅಂತಲೇ ಇಟ್ಟುಕೊಳ್ಳಿ. ಡೀಸೆಲ್ ತಟ್ಟೆಯ ಮೇಲೆ ಹರಡಿ ಹತ್ತು ಕಡೆಯಿಂದ ತೊಟ್ಟಿಕ್ಕುತ್ತದೆ. ಒಂದು ಕ್ಯಾನಿಗೆ ಹಿಡಿಯಲು ಬರುವುದಿಲ್ಲ. ಅದಕ್ಕೇ ತಟ್ಟೆಯ ತುಂಬ ಸೋರುಗಂಡಿ ಇಟ್ಟಿದ್ದೇನೆ. ಕೆಸರು, ನೀರು ನಿಲ್ಲದಿರಲೂ ಅವೇ ಬೇಕು, ಎಲ್ಲಾದರೂ ಸೋರಿದರೆ ಇಂಧನ ತಟ್ಟೆಯಲ್ಲಿ ಮಡುಗಟ್ಟಬಾರದು ಅನ್ನುವುದಕ್ಕೂ ಅವೇ ಬೇಕು. ಪೆಟ್ರೋಲ್ ಗಾಡಿಯವರಿಗೆ ಇದು ಜೀವದ ಪ್ರಶ್ನೆ. ಆ ಗಂಡಿಗಳ ಮೂಲಕವೇ ಡ್ರಿಲ್ ಬಿಟ್ ತೂರಿಸದಂತೆ ಒಳಮೈಯಲ್ಲಿ ಪ್ರತಿ ಗಂಡಿಯ ಮೇಲೆ ಓರೆಯಾಗಿ ಪಟ್ಟಿ ಬೆಸೆಸಿದೆ. ನೀರು ಪಕ್ಕದಿಂದ ಇಳಿಯುತ್ತದೆ, ನೇರ ದಾರಿ ಇಲ್ಲ.

ಬೆಸುಗೆ, ಕಟಿಂಗ್, ಗ್ರೈಂಡಿಂಗ್ ಎಲ್ಲವೂ ಗಾಡಿಯಿಂದ ದೂರ. ಗಾಡಿಯ ಮೇಲೆ ನಡೆದದ್ದು ಬೋಲ್ಟ್ ಬಿಗಿಯುವ ಕೆಲಸ ಮಾತ್ರ, ಅದೂ ಬ್ಯಾಟರಿಯ ಅರ್ತ್ ತೆಗೆದು. ಟ್ಯಾಂಕ್ ಖಾಲಿ ಇದೆ, ಏನೂ ಆಗುವುದಿಲ್ಲ ಅನ್ನುವವರ ಮಾತು ಕೇಳಬೇಡಿ. ಖಾಲಿ ಟ್ಯಾಂಕಿನಲ್ಲಿ ಆವಿಗೆ ಜಾಗ ಹೆಚ್ಚು, ಅಪಾಯವೂ ಹೆಚ್ಚು. ಚಾಸಿಸ್‌ಗೆ ಹೊಸ ತೂತು ಹಾಕಲಿಲ್ಲ, ಇದ್ದ ತೂತುಗಳಿಗೂ ಕ್ಲ್ಯಾಂಪಿಗೂ ಹೊಂದಿಸಿಕೊಂಡೆ. ಸೈಲೆನ್ಸರ್ ಕಡೆಯ ಅಂಚನ್ನು ಒಳಕ್ಕೆ ಕತ್ತರಿಸಿ ಐವತ್ತು ಎಂಎಂ ಜಾಗ ಬಿಟ್ಟೆ, ಕಂಪನಿಯ ಶಾಖತಡೆಯನ್ನು ಮುಟ್ಟಲಿಲ್ಲ. ತಟ್ಟೆಗೂ ಚಾಸಿಸ್‌ಗೂ ನಡುವಿನ ರಬ್ಬರ್ ನೈಟ್ರೈಲ್, ಅಂದರೆ ಎಣ್ಣೆ ತಡೆಯುವ ಜಾತಿಯದು, ಆಗಿರಲಿ. ಸಾಮಾನ್ಯ ರಬ್ಬರ್ ಡೀಸೆಲ್ ತಾಗಿದರೆ ಊದಿಕೊಂಡು ಕಳಚಿ ಬೀಳುತ್ತದೆ.

ಮೊದಲ ತಟ್ಟೆ ಅರವತ್ತರ ವೇಗ ದಾಟುತ್ತಿದ್ದಂತೆ ತಮಟೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಶೀಟಿಗೆ ಮೂಲೆಯಿಂದ ಮೂಲೆಗೆ ಸಣ್ಣ ಮಡಿಕೆ ಒತ್ತಿಸಿದ ಮೇಲೆ ಆ ಸದ್ದು ಹೋಯಿತು. ಎರಡನೇ ಶೀಟಿನ ದುಡ್ಡು ಹೆಚ್ಚುವರಿ ಬಿತ್ತು. ಒಟ್ಟು ಖರ್ಚು, ಕೆಟ್ಟ ಶೀಟೂ ಸೇರಿ, ಒಂದೂಮುಕ್ಕಾಲು ಫುಲ್ ಟ್ಯಾಂಕ್ ಇರಬಹುದು.

ಬೋಲ್ಟಿನಲ್ಲಿ ತುಂಬ ತಲೆ ಓಡಿಸಿದ್ದೇನೆ. ಬಿಗಿದ ಮೇಲೆ ತಲೆ ಮುರಿದು ಬೀಳುವ ಬೋಲ್ಟ್ ಕಳ್ಳನನ್ನು ತಡೆಯುತ್ತದೆ, ಮೆಕ್ಯಾನಿಕ್‌ನನ್ನೂ ತಡೆಯುತ್ತದೆ. ಟ್ಯಾಂಕಿನೊಳಗಿನ ಪಂಪು ಕೆಟ್ಟರೆ ಇಡೀ ತಟ್ಟೆ ಇಳಿಸಲೇಬೇಕಲ್ಲ. ನಡುವೆ ಪಿನ್ ಇರುವ ಟಾರ್ಕ್ಸ್ (ನಕ್ಷತ್ರದಾಕಾರದ ಕುಳಿಯ) ಬೋಲ್ಟಿನ ಬಿಟ್ ಸೆಟ್ ಯಾವ ಟೂಲ್ ಅಂಗಡಿಯಲ್ಲೂ ಕಳ್ಳನಿಗೂ ಸಿಗುತ್ತದೆ. ಅಲೆನ್ ಬೋಲ್ಟಿನ ಆರು ಮೂಲೆಯ ಕುಳಿಯೊಳಗೆ ಬಿಗಿಯಾಗಿ ಕೂರುವ ಬೇರಿಂಗ್ ಗುಂಡನ್ನು ಸುತ್ತಿಗೆಯಿಂದ ಹೊಡೆದು ಕೂರಿಸುವುದು ಹಳೆಯ ಉಪಾಯ. ಆ ಗುಂಡು ಗಡಸು, ಮಾಮೂಲಿ ಬಿಟ್ ಅದರ ಮೇಲೆ ಜಾರುತ್ತದೆ. ನನ್ನ ತಟ್ಟೆಯಲ್ಲಿ ಈ ಜಾತಿಗಳು ಬೆರಕೆಯಾಗಿವೆ, ಒಂದೇ ಟೂಲ್ ತಂದವನಿಗೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಗುಂಡು ಕೂರಿಸಿದ ಬೋಲ್ಟನ್ನು ಎರಡು ನಿಮಿಷದಲ್ಲಿ ಬಿಚ್ಚುವ ದಾರಿ ನನಗೆ ಗೊತ್ತು. ಅದನ್ನು ಬರೆಯುವುದಿಲ್ಲ.

ಇಷ್ಟಾದ ಮೇಲೆ ಫಿಲ್ಲರ್ ಹೋಸ್, ಅಂದರೆ ಮುಚ್ಚಳದ ಬಾಯಿಂದ ಟ್ಯಾಂಕಿಗೆ ಡೀಸೆಲ್ ಇಳಿಯುವ ಪೈಪು, ನೋಡಿ. ಬರೀ ರಬ್ಬರ್, ಚಾಕು ಸಾಕು. ಹೈಡ್ರಾಲಿಕ್ ಹೋಸ್‌ಗೆ ಹಾಕುವ ಉಕ್ಕಿನ ಸ್ಪ್ರಿಂಗ್ ಕವಚವನ್ನು ಅದಕ್ಕೆ ಸುತ್ತಿದೆ, ಕ್ಲಿಪ್ಪಿನ ಸ್ಕ್ರೂ ಚಾಸಿಸ್ ಕಡೆಗೆ ಮುಖ ಮಾಡುವಂತೆ ತಿರುಗಿಸಿದೆ. ಎಂಜಿನ್ನಿನಿಂದ ಮಿಕ್ಕ ಡೀಸೆಲ್ ಟ್ಯಾಂಕಿಗೆ ವಾಪಸ್ ಬರುವ ಸಣ್ಣ ಪೈಪನ್ನೂ ಮರೆಯಬಾರದು. ಮುಚ್ಚಳದ ಸರದಿ ಬಂದದ್ದು ಆಮೇಲೆ, ಗಾಳಿ ಬಿಡುವಂಥದ್ದು, ಮಧ್ಯಮ ದರದ್ದು.

ತಟ್ಟೆಯ ಒಳಮೈಯಲ್ಲಿ ಒಂದು ಪ್ರಯೋಗ ಮಾಡಿದ್ದೇನೆ. ಎನಾಮಲ್ ಲೇಪದ ತೆಳು ತಾಮ್ರದ ತಂತಿಯನ್ನು ಗಾಜಿನ ನಾರಿನ ಬಟ್ಟೆಯ ಮೇಲೆ ಹಾವಿನ ನಡೆಯಲ್ಲಿ, ಆರೇಳು ಎಂಎಂ ಅಂತರದಲ್ಲಿ ಓಡಿಸಿ ಎಪಾಕ್ಸಿ ಅಂಟಿನಲ್ಲಿ ಅಂಟಿಸಿದೆ. ಸುಮಾರು 70 ಮೀಟರ್ ತಂತಿ ಹಿಡಿಯಿತು. ಆ ಅಂತರಕ್ಕಿಂತ ದಪ್ಪ ಡ್ರಿಲ್ ಎಲ್ಲಿ ಇಳಿದರೂ ತಂತಿ ಕಡಿದು ಹಾರ್ನ್ ಕೂಗುತ್ತದೆ. ಲಾರಿ ಹೋದರೂ ಮಳೆ ಬಂದರೂ ಇದು ಸುಮ್ಮನಿರುತ್ತದೆ. 12 ವೋಲ್ಟಿಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿದರೆ ಈ ಸುತ್ತು ಎಳೆಯುವುದು 1.2 ಮಿಲಿಆಂಪ್, ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ. ಸ್ಪಾರ್ಕ್ ಆಗುವಷ್ಟು ಶಕ್ತಿ ಆ ತಂತಿಯಲ್ಲಿ ಇರದಿರಲಿ ಅಂತ ರೆಸಿಸ್ಟರನ್ನು ಕ್ಯಾಬಿನ್ನಿನೊಳಗೇ ಇಟ್ಟಿದ್ದೇನೆ. ಆದರೂ ಪೆಟ್ರೋಲ್ ಗಾಡಿಗೆ ಈ ಪ್ರಯೋಗ ಬೇಡ ಅಂತಲೇ ಹೇಳುತ್ತೇನೆ. ಕೆಲವು ತಿಂಗಳಲ್ಲಿ ಕನೆಕ್ಟರ್ ಬಳಿ ತಂತಿ ಅದುರಿ ಮುರಿದು ನಡುರಾತ್ರಿ ಸುಳ್ಳು ಕೂಗಾಯಿತು. ಆ ಒಂದು ಗೇಣು ಮಾತ್ರ ಎಳೆಎಳೆಯ ಸಿಲಿಕೋನ್ ವೈರಿಗೆ ಬದಲಿಸಿದೆ, ಆಮೇಲೆ ತೊಂದರೆ ಕೊಟ್ಟಿಲ್ಲ.

ಕದಿಯುವವರಿಗಿಂತ ನನಗೆ ಹೆಚ್ಚು ಭಯ ಟ್ಯಾಂಕಿಗೆ ಏನಾದರೂ ಸುರಿಯುವವರದು. ಸಕ್ಕರೆ ಹಾಕುತ್ತಾರೆ ಅಂತ ಎಲ್ಲರೂ ಹೆದರುತ್ತಾರೆ. ಸಕ್ಕರೆ ಡೀಸೆಲಿನಲ್ಲೂ ಕರಗುವುದಿಲ್ಲ, ಪೆಟ್ರೋಲಿನಲ್ಲೂ ಕರಗುವುದಿಲ್ಲ. ತಳದಲ್ಲಿ ಕೂತು ಹೆಚ್ಚೆಂದರೆ ಜಾಲರಿ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ನಿಜವಾದ ಶತ್ರು ನೀರು. ಡೀಸೆಲಿಗಿಂತ ಭಾರವಾದ್ದರಿಂದ ಪಂಪು ಹೀರುವ ತಳಕ್ಕೇ ಇಳಿಯುತ್ತದೆ, ಕಾಮನ್ ರೇಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಹೈ ಪ್ರೆಶರ್ ಕೊಳವೆಯಿಂದ ಡೀಸೆಲ್ ಹೋಗುವ) ಎಂಜಿನ್ನಿನ ಹೈ ಪ್ರೆಶರ್ ಪಂಪ್, ಇಂಜೆಕ್ಟರ್ ಎರಡನ್ನೂ ಹಾಳುಮಾಡುತ್ತದೆ.

ಅದಕ್ಕೆ ಖರ್ಚಿಲ್ಲದ ಕೆಲಸ ಎರಡು. ಪ್ರತಿ ಬೋಲ್ಟಿನ ತಲೆಯಿಂದ ತಟ್ಟೆಯವರೆಗೆ ಬಣ್ಣದ ಗೆರೆ ಎಳೆದಿದ್ದೇನೆ. ಬೋಲ್ಟ್ ಕೂದಲೆಳೆ ತಿರುಗಿದರೂ ಗೆರೆ ತಪ್ಪುತ್ತದೆ. ಮುಚ್ಚಳಕ್ಕೆ ನಂಬರಿನ ಪ್ಲಾಸ್ಟಿಕ್ ಸೀಲ್. ಬೆಳಿಗ್ಗೆ ಟಾರ್ಚ್ ಹಿಡಿದು ನೋಡಲು ಅರ್ಧ ನಿಮಿಷ. ಒಮ್ಮೆ ಸೀಲ್ ಕಿತ್ತುಹೋಗಿತ್ತು, ಮುಚ್ಚಳದ ಬೀಗದ ಮೇಲೆ ಗೀರು. ಮಟ್ಟ ಇಳಿದಿರಲಿಲ್ಲ, ಅನುಮಾನ ಬಂದದ್ದೇ ಅದರಿಂದ. ಕೀ ತಿರುಗಿಸಲಿಲ್ಲ, ಏಕೆಂದರೆ ಕೀ ಆನ್ ಆದರೆ ಸಾಕು, ಹಲವು ಗಾಡಿಗಳಲ್ಲಿ ಟ್ಯಾಂಕಿನ ಪಂಪು ಓಡಲು ಶುರುಮಾಡುತ್ತದೆ. ಫಿಲ್ಟರಿನ ತಳದ ಸ್ಕ್ರೂ ಬಿಚ್ಚಿದರೆ ಬರುವುದು ನಿನ್ನೆಯ ಡೀಸೆಲ್, ರಾತ್ರಿ ಸುರಿದ ನೀರು ಅಲ್ಲಿಗೆ ತಲುಪಿರುವುದೇ ಇಲ್ಲ. ಹಾಗಾಗಿ ಫಿಲ್ಟರ್ ಮೇಲಿನ ಕೈಪಂಪನ್ನು ತುಂಬ ಹೊತ್ತು ಒತ್ತಿ ಟ್ಯಾಂಕಿನ ತಳದಿಂದ ಎಳೆದು, ಆಮೇಲೆ ಸ್ಕ್ರೂ ಬಿಚ್ಚಿ ಗಾಜಿನ ಜಾಡಿಗೆ ಹಿಡಿದೆ. ಸ್ವಲ್ಪ ಹೊತ್ತು ಬಿಟ್ಟರೆ ಅಡಿಯಲ್ಲಿ ಎರಡು ಬೆರಳು ನೀರು ಬೇರೆಯಾಗಿ ನಿಂತಿತು. ತಟ್ಟೆ ಇಳಿಸಿ, ಟ್ಯಾಂಕ್ ಖಾಲಿ ಮಾಡಿ ಒರೆಸಿ, ಫಿಲ್ಟರ್ ಬದಲಿಸಲು ಒಂದು ದಿನವೂ ಒಂದು ಫುಲ್ ಟ್ಯಾಂಕೂ ಹೋಯಿತು. ಪಂಪು, ಇಂಜೆಕ್ಟರ್ ಸೆಟ್ಟಿಗೆ ವಿಚಾರಿಸಿದಾಗ ಹೇಳಿದ ದರ ಇಪ್ಪತ್ತು ಫುಲ್ ಟ್ಯಾಂಕ್ ದಾಟಿತ್ತು. ಕೈಪಂಪು ಇಲ್ಲದ ಗಾಡಿಯವರು ಎಂಜಿನ್ ಮುಟ್ಟದೆ ನೇರ ಟ್ಯಾಂಕಿನಿಂದಲೇ ಹೊರಗೆ ತೆಗೆಸಬೇಕು.

ಕೆಸರಿನ ವಿಷಯದಲ್ಲಿ ಮೆಕ್ಯಾನಿಕ್ ಹೇಳಿದ್ದರಲ್ಲಿ ಸ್ವಲ್ಪ ಸತ್ಯವಿದೆ. ಸೋರುಗಂಡಿ ಎಷ್ಟಿದ್ದರೂ ಮೂಲೆಗಳಲ್ಲಿ ಮಣ್ಣು ಕೂರುತ್ತದೆ, ಅದಕ್ಕೆ ಪಕ್ಕದಿಂದ ನೀರಿನ ಪೈಪ್ ಹಿಡಿದು ತೊಳೆಯುತ್ತೇನೆ, ಎಣ್ಣೆ ಬದಲಿಸುವಾಗ ಒಂದು ಸರ್ತಿ ಬಿಟ್ಟು ಒಂದು ಸರ್ತಿ ತಟ್ಟೆ ಇಳಿಸುತ್ತೇನೆ. ಕಬ್ಬಿಣದ ಟ್ಯಾಂಕ್ ಇರುವವರು ಪ್ರತಿ ಸರ್ತಿಯೂ ಇಳಿಸಲಿ, ಟ್ಯಾಂಕನ್ನು ಹಿಡಿದಿರುವ ಪಟ್ಟಿಯ ಅಡಿಯಲ್ಲಿ ತುಕ್ಕು ಬೇಗ ಹಿಡಿಯುತ್ತದೆ. ಹೋದ ಸಲ ಇಳಿಸಿದಾಗ ಅದೇ ಮೆಕ್ಯಾನಿಕ್ ರಟ್ಟಿನ ಅಚ್ಚು ಕೇಳಿ ಇಸಿದುಕೊಂಡ, ಇನ್ನೊಬ್ಬರ ಪಿಕಪ್‌ಗೆ ಕಟ್ಟಿಕೊಡಲು. ಆ ಗಾಡಿಯ ಸೈಲೆನ್ಸರ್ ಟ್ಯಾಂಕಿಗೆ ಇನ್ನೂ ಹತ್ತಿರ ಇದೆಯಂತೆ. ಅಂಚನ್ನು ಎಂಬತ್ತು ಎಂಎಂ ಒಳಕ್ಕೆ ಕತ್ತರಿಸಲು ಹೇಳಿದ್ದೇನೆ.