ಉಯ್ಘರ್ ದುತಾರ್: ಶ್ರುತಿ ಮತ್ತು ಬಲಗೈ

ದುತಾರ್ ಎಂದರೆ ಚೀನಾದ ಷಿನ್‌ಜಿಯಾಂಗ್‌ನ ಉಯ್ಘರ್ ಜನರ, ಉದ್ದ ದಂಡಿಯ ಮೀಟುವಾದ್ಯ. ಅದಕ್ಕೆ ಇರುವುದು ಎರಡೇ ತಂತಿ. ಒಂದರಲ್ಲಿ ರಾಗ ನಡೆಯುತ್ತದೆ, ಇನ್ನೊಂದು ಆಧಾರ ಶ್ರುತಿಯಾಗಿ ಕೂಡಿಕೊಳ್ಳುತ್ತದೆ. ಇವೆರಡರ ನಡುವಿನ ಅಂತರ ತಪ್ಪಿದರೆ ಎಷ್ಟು ಚೆನ್ನಾಗಿ ನುಡಿಸಿದರೂ ಉಪಯೋಗವಿಲ್ಲ.

ನಾನು ತಂತಿ ಬಿಗಿಯುವ ಬಿರಡೆ ಮುಟ್ಟುವ ಮೊದಲು ಕುದುರೆ, ಎಂದರೆ ಹಲಗೆಯ ಮೇಲೆ ತಂತಿಗಳನ್ನು ಹೊತ್ತ ತುಂಡನ್ನು, ನೋಡುತ್ತೇನೆ. ಅದನ್ನು ಹಲಗೆಗೆ ಅಂಟಿಸಿರುವುದಿಲ್ಲ, ತಂತಿಯ ಒತ್ತಡದಲ್ಲೇ ನಿಂತಿರುತ್ತದೆ, ಸಾಗಿಸುವಾಗ ಜರುಗುತ್ತದೆ. ನನ್ನ ವಾದ್ಯದಲ್ಲಿ ಮೀಟುವ ತಂತಿಯ ಉದ್ದ 88 ಸೆಂ.ಮೀ. ಹಾಗಾಗಿ ಬಿರಡೆಯ ಬದಿಯ ತುದಿಯಿಂದ ಅಳೆದರೆ ತಾರಸ್ಥಾಯಿಯ ಷಡ್ಜ ನುಡಿಯುವ 12ನೆಯ ಮೆಟ್ಟಿಲು 44ರಲ್ಲಿ, 5ನೆಯದು 22ರಲ್ಲಿ, 7ನೆಯದು 29.3ರಲ್ಲಿ ಇರಬೇಕು. ಮೆಟ್ಟಿಲೆಂದರೆ ದಂಡಿಗೆ ಬಿಗಿದು ಸುತ್ತಿದ ದಾರ. ಸಡಿಲವಾದದ್ದನ್ನು ಅಳತೆಗೆ ತಂದು ಮತ್ತೆ ಬಿಗಿಯುತ್ತೇನೆ. ಆಮೇಲೆ ತಂತಿಯ ನಡುಭಾಗವನ್ನು ಒತ್ತದೆ, ಬೆರಳು ಸೋಕಿಸಿ ಮೀಟುತ್ತೇನೆ. ಅದೇ ಜಾಗದಲ್ಲಿ ಒತ್ತಿ ಮೀಟಿದ ಸ್ವರ ಇದಕ್ಕಿಂತ ಏರಿದ್ದರೆ ಕುದುರೆಯನ್ನು ಒಂದೆರಡು ಮಿಲಿಮೀಟರ್ ಬುಡದ ಕಡೆಗೆ ಸರಿಸುತ್ತೇನೆ, ಇಳಿದಿದ್ದರೆ ದಂಡಿಯ ಕಡೆಗೆ.

ರಾಗದ ತಂತಿಯನ್ನು 2 ಮನೆ ಶ್ರುತಿಯ (ಪಾಶ್ಚಾತ್ಯ D ಸ್ವರದ) ಷಡ್ಜಕ್ಕೆ ಇಡುತ್ತೇನೆ. ಷಿನ್‌ಜಿಯಾಂಗ್‌ನ ಇಲಿ ನದಿಯ ಕಣಿವೆಯ ಹಾಡುಗಳಿಗೆ ಜೊತೆ ನುಡಿಸುವಾಗ ಮಾತ್ರ ಹಾಡುವವರ ಗಂಟಲೇ ಅಳತೆ. ಇನ್ನೊಂದು ತಂತಿ ಮಂದ್ರ ಪಂಚಮಕ್ಕೆ. ಆಗ ಅದರ 5ನೆಯ ಮೆಟ್ಟಿಲಲ್ಲಿ ಅದೇ ಷಡ್ಜ ಸಿಗುತ್ತದೆ. ಕೆಲವು ಹಾಡುಗಳಿಗೆ ಅದನ್ನೇ ಮಂದ್ರ ಮಧ್ಯಮಕ್ಕೆ ಇಳಿಸಬೇಕು. ಆಗ ಷಡ್ಜ 7ನೆಯ ಮೆಟ್ಟಿಲಿಗೆ ಹೋಗುತ್ತದೆ. ಇಳಿಸುವಾಗ ಬೇಕಾದ ಸ್ವರಕ್ಕಿಂತ ಸ್ವಲ್ಪ ಕೆಳಗೆ ಹೋಗಿ ಏರಿಸುತ್ತಾ ಬರಬೇಕು. ಮೇಲಿನಿಂದ ಬಂದು ನಿಲ್ಲಿಸಿದ ತಂತಿ ನುಡಿಸುತ್ತಿದ್ದಂತೆ ಇನ್ನೂ ಇಳಿಯುತ್ತದೆ.

ಹಳೆಯ ಕ್ರಮದ ರೇಷ್ಮೆ ತಂತಿಯ ನಾದವೇ ನನಗೆ ಇಷ್ಟ. ಆದರೆ ಹೊಸದಾಗಿ ಹಾಕಿದ್ದು ಹಿಗ್ಗುತ್ತಲೇ ಇರುತ್ತದೆ: ನಡುವೆ ಹಿಡಿದು ಮೆಲ್ಲಗೆ ಎಳೆದು, ಶ್ರುತಿ ಮಾಡಿ, ಮತ್ತೆ ಎಳೆಯುವುದು, ಇಳಿಯದೆ ನಿಲ್ಲುವವರೆಗೂ. ಅದು ಸಿಗದಿದ್ದರೆ ನೈಲಾನ್: ರಾಗದ ತಂತಿಗೆ 0.8 ಮಿ.ಮೀ., ಮಂದ್ರಕ್ಕೆ 1 ಮಿ.ಮೀ. ಬಿರಡೆ ಜಾರಿದರೆ ಸೀಮೆಸುಣ್ಣ, ಬಿಗಿದುಕೊಂಡರೆ ಒಣ ಸಾಬೂನು ಸವರಿದರೆ ಸಾಕು.

ಉಯ್ಘರರ ಇನ್ನೊಂದು ಉದ್ದ ದಂಡಿಯ ವಾದ್ಯವಾದ ತಂಬೂರ್ ನುಡಿಸುವವರು ತೋರುಬೆರಳಿಗೆ ಲೋಹದ ನಖ ತೊಡುತ್ತಾರೆ, ದುತಾರ್‌ಗೆ ಬರಿಗೈ. ಕೆಳಮುಖದ ಹೊಡೆತ ತೋರುಬೆರಳಿನ ಉಗುರಿನಿಂದ, ಮೇಲ್ಮುಖದ್ದು ಹೆಬ್ಬೆರಳಿನಿಂದ, ಎರಡರಲ್ಲೂ ಎರಡು ತಂತಿಗಳೂ ನುಡಿಯಬೇಕು. ಹೊಸಬರ ಮೇಲ್ಮುಖದ ಹೊಡೆತ ಒಂದೇ ತಂತಿಗೆ ತಾಗಿ ಲಯ ಕುಂಟುತ್ತದೆ. ಕಾರಣ ಬೆರಳಲ್ಲ, ಬಿಗಿಹಿಡಿದ ಮಣಿಕಟ್ಟು. ಮುಂದೋಳನ್ನು ವಾದ್ಯದ ಕೊಡದ (ಉಬ್ಬಿದ ಒಡಲಿನ) ಅಂಚಿಗೆ ಒರಗಿಸಿ, ಎಡಗೈ ಬಳಸದೆ, ಎರಡೂ ಹೊಡೆತಗಳ ಸದ್ದು ಸಮವಾಗುವವರೆಗೆ ನಿಧಾನವಾಗಿ ಮೀಟಬೇಕು. ಇದಕ್ಕೆ ಬೇರೆ ದಾರಿ ನಾನು ಕಂಡಿಲ್ಲ. ಆಮೇಲೆ ಕಿರುಬೆರಳಿನಿಂದ ತೋರುಬೆರಳಿನವರೆಗೆ ಒಂದರ ಹಿಂದೊಂದು ಬಿಡಿಸುವ ಉರುಳು ಹೊಡೆತ ತಾನಾಗಿ ಕೂಡಿಬರುತ್ತದೆ. ಮೀಟುವ ಜಾಗ ಹಲಗೆಯ ನಡುಭಾಗ. ಕುದುರೆಯ ಹತ್ತಿರ ಹೋದಷ್ಟೂ ನಾದ ತೆಳುವಾಗುತ್ತದೆ.

ಎಡಗೈ ಹೆಬ್ಬೆರಳನ್ನು ದಂಡಿಯ ಹಿಂದೆ ಅಡಗಿಸಬಾರದು. ಅದು ದಂಡಿಯ ಮೇಲಿನಿಂದ ಬಂದು ಮಂದ್ರ ತಂತಿಯನ್ನು ಒತ್ತಬೇಕು. ಮೆಟ್ಟಿಲಿನ ಮೇಲೆ ಒತ್ತಿದರೆ ಸದ್ದು ಮೊಂಡಾಗುತ್ತದೆ, ತೀರಾ ಹಿಂದೆ ಒತ್ತಿದರೆ ಝರ್ ಎನ್ನುತ್ತದೆ. ಮೆಟ್ಟಿಲಿಗೆ ಅಂಟಿದಂತೆ, ಬಿರಡೆಯ ಬದಿಗೆ ಒತ್ತಬೇಕು.