ಹಾಟ್ ಟಬ್ ನೀರಿನ ನೊರೆ: ಹೋಗಲಾಡಿಸುವುದು ಹೇಗೆ?

ಹಾಟ್ ಟಬ್‌ನ ಜೆಟ್‌ಗಳು ಎಬ್ಬಿಸುವ ಗುಳ್ಳೆಗಳು ಜೆಟ್ ನಿಂತ ಕೂಡಲೇ ಒಡೆದುಹೋಗಬೇಕು. ಹಾಗಾಗದೆ ಬಿಳಿ ನೊರೆ ಅಂಚಿಗೆ ಅಂಟಿಕೊಂಡು ನಿಂತರೆ, ಸಾಬೂನು, ಲೋಷನ್, ತಲೆಗೆಣ್ಣೆ, ಬೆವರು ಇವೆಲ್ಲ ನೀರಿನಲ್ಲಿ ಸೇರಿವೆ ಎಂದೇ ತಿಳಿಯಬೇಕು. ಎಣ್ಣೆಸ್ನಾನದ ನಂತರ ಟಬ್‌ಗೆ ಇಳಿಯುವ ಮನೆಗಳಲ್ಲಿ ಸೀಗೆಪುಡಿಯೂ ಕಾರಣವಾಗುತ್ತದೆ. ಅದರಲ್ಲಿರುವ ಸಪೋನಿನ್ ಸ್ವಭಾವತಃ ನೊರೆ ಬರಿಸುವಂಥದ್ದು. ಡಿಟರ್ಜೆಂಟ್ ಉಳಿದಿರುವ ಈಜುಡುಗೆಯಿಂದಲೂ ನೊರೆ ಏಳುತ್ತದೆ.

ಮೊದಲು ಟೆಸ್ಟ್ ಸ್ಟ್ರಿಪ್‌ನಿಂದ ನೀರನ್ನು ಪರೀಕ್ಷಿಸಿ. ಪಿಎಚ್ 7.2ರಿಂದ 7.8ರೊಳಗೆ, ಪಿಎಚ್ ಏರುಪೇರಾಗದಂತೆ ತಡೆಯುವ ಕ್ಷಾರೀಯತೆ 80ರಿಂದ 120 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗದ ಲೆಕ್ಕ) ಇರಬೇಕು. ಕ್ಲೋರಿನ್ 3 ಪಿಪಿಎಂಗಿಂತ ಕಡಿಮೆಯಾಗಬಾರದು.

ಮುಂದಿನ ಕೆಲಸ ಫಿಲ್ಟರ್‌ನದು, ಇದನ್ನು ಅವಸರದಲ್ಲಿ ಮುಗಿಸಬಾರದು. ಪಂಪ್ ನಿಲ್ಲಿಸಿ, ವಿದ್ಯುತ್ ಸಂಪರ್ಕ ಕಡಿದು, ಕಾರ್ಟ್ರಿಜ್ ಹೊರತೆಗೆದು, ಅದರ ಒಂದೊಂದು ಮಡಿಕೆಯನ್ನೂ ಬಿಡಿಸಿ, ಮೇಲಿನಿಂದ ಕೆಳಕ್ಕೆ ನಲ್ಲಿಯ ಪೈಪ್‌ನಿಂದ ನೀರು ಹಾಯಿಸಬೇಕು. ಬೆರಳಿಗೆ ಜಿಡ್ಡು ಹತ್ತಿದರೆ, ಫಿಲ್ಟರ್ ಕ್ಲೀನರ್ ಬೆರೆಸಿದ ಬಕೆಟ್ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ ಚೆನ್ನಾಗಿ ಜಾಲಿಸಬೇಕು. ಬಟ್ಟೆ ತೊಳೆಯುವ ಪುಡಿಯನ್ನಂತೂ ಮುಟ್ಟಿಸಲೇಬೇಡಿ, ಅದು ಮಡಿಕೆಗಳಲ್ಲಿ ಉಳಿದು ನೊರೆಯನ್ನು ಮತ್ತೆ ತರುತ್ತದೆ.

ಬಳಿಕ ಮುಚ್ಚಳ ತೆರೆದಿಟ್ಟು, ಜೆಟ್ ಚಾಲೂ ಮಾಡಿ, ನೀರಿನಲ್ಲಿ ಸೇರಿದ ಕೊಳೆಯನ್ನು ಒಡೆಯುವ ಶಾಕ್ ಪುಡಿಯನ್ನು ಡಬ್ಬಿಯ ಮೇಲಿನ ಅಳತೆಯಂತೆ ಹಾಕಿ. ಒಂದು ರಾಸಾಯನಿಕದೊಂದಿಗೆ ಇನ್ನೊಂದನ್ನು ಎಂದೂ ಬೆರೆಸಬೇಡಿ, ಕ್ಲೋರಿನ್ ಸಹಜ ಮಟ್ಟಕ್ಕೆ ಇಳಿಯುವ ತನಕ ಯಾರೂ ನೀರಿಗಿಳಿಯಬಾರದು.

ಮುಂಬೈಯವರು ನೀರಿನ ಗಡಸುತನವನ್ನೂ, ಅಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಎಷ್ಟೆಂಬುದನ್ನೂ, ನೋಡಿಕೊಳ್ಳುವುದು ಒಳ್ಳೆಯದು. ಭಾತ್ಸಾ, ವೈತರಣಾ, ತಾನ್ಸಾ ಜಲಾಶಯಗಳಲ್ಲಿ ಸಂಗ್ರಹವಾಗುವ ಮಳೆಯ ನೀರು ಮೆದು; ಮೆದು ನೀರಿನಲ್ಲಿ ನೊರೆ ಸುಲಭವಾಗಿ ಏಳುತ್ತದೆ. ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಗಡಸಾಗಿರುವ ಸಂಭವ ಹೆಚ್ಚು. ಆದ್ದರಿಂದ ಅಂದಾಜಿನ ಮೇಲೆ ಕ್ಯಾಲ್ಸಿಯಂ ಹಾಕದೆ, ಪರೀಕ್ಷೆಯಲ್ಲಿ 150 ಪಿಪಿಎಂಗಿಂತ ಕಡಿಮೆ ಕಂಡರೆ ಮಾತ್ರ ಹಂತಹಂತವಾಗಿ ಹೆಚ್ಚಿಸಿ, 250 ದಾಟದಂತೆ ನೋಡಿಕೊಳ್ಳಿ.

ನೊರೆನಾಶಕ ದ್ರಾವಣ ಮೇಲಿನ ನೊರೆಯನ್ನಷ್ಟೇ ಕುಗ್ಗಿಸುತ್ತದೆ, ಕೊಳೆಯನ್ನು ತೆಗೆಯುವುದಿಲ್ಲ. ಅತಿಥಿಗಳು ಬರುವ ಸಂಜೆಗೆ ಅದು ಸಾಕು, ಅದನ್ನೇ ಪರಿಹಾರವೆಂದು ನಂಬುವುದು ಸರಿಯಲ್ಲ.

ಇಷ್ಟಾದರೂ ನೊರೆ ಹೋಗದಿದ್ದರೆ, ಅಥವಾ ನೀರು ತುಂಬಿಸಿ ಮೂರು-ನಾಲ್ಕು ತಿಂಗಳಾಗಿದ್ದರೆ, ಟಬ್ ಖಾಲಿ ಮಾಡುವುದೇ ಲೇಸು. ಒಳಪೈಪ್‌ಗಳ ಗೋಡೆಗೆ ಲೋಳೆಯಂಥ ಜೈವಿಕ ಪದರ ಅಂಟಿರುವುದರಿಂದ, ಹಳೆಯ ನೀರಿನಲ್ಲಿಯೇ ಪೈಪ್ ಕ್ಲೀನರ್ ಹಾಕಿ ಜೆಟ್ ಓಡಿಸಿ, ಆಮೇಲೆ ವಿದ್ಯುತ್ ಕಡಿದು ನೀರು ಬಿಡಿ. ಆ ನೀರನ್ನು ಚರಂಡಿಗೇ ಬಿಡಬೇಕು, ತಾರಸಿಯ ಗಿಡಗಳಿಗೆ ಹಾಯಿಸಬಾರದು. ಒಳಮೈ ಒರೆಸಿ, ತೊಳೆದ ಫಿಲ್ಟರ್ ಕೂರಿಸಿ, ಹೊಸ ನೀರು ತುಂಬಿಸಿ, ಮತ್ತೊಮ್ಮೆ ಸ್ಟ್ರಿಪ್ ಅದ್ದಿ ನೋಡಿದ ಮೇಲೆಯೇ ಹೀಟರ್ ಹಾಕಿ.